ಹೊರಡುವ ಮುನ್ನ

ಪರಊರಿಗೆ ಹೊರಟವರನ್ನು ಮನೆಯವರು ನೂರು ಪ್ರಶ್ನೆ ಕೇಳುತ್ತಾರೆ: ಬೀಗದ ಕೈ ಎಲ್ಲಿ, ಹಾಲಿನವನ ಬಾಕಿ ಎಷ್ಟು, ಬರುವುದು ಯಾವಾಗ? ಹಿಂದಿರುಗಿ ಬಾರದ ಪ್ರಯಾಣವೊಂದರ ವಿಷಯದಲ್ಲಿ ಮಾತ್ರ ಎಲ್ಲರೂ ಮೂಕರು. ಹಾಸಿಗೆ ಹಿಡಿದ ಹಿರಿಯರು ತಾವಾಗಿಯೇ ಆ ಮಾತೆತ್ತಿದರೂ, “ಬಿಡ್ತು ಅನ್ನಿ” ಎಂದು ಮಕ್ಕಳು ತಡೆಯುತ್ತಾರೆ. ಅದು ಪ್ರೀತಿಯೇ ಸರಿ. ಆದರೆ ಹೇಳಬೇಕಾದ ಮಾತು ಹೇಳದೆಯೇ ಉಳಿದುಹೋಗುತ್ತದೆ.

ಹಿಂದಿನವರು ಇಷ್ಟು ಅಳುಕುತ್ತಿರಲಿಲ್ಲವೆಂದು ತೋರುತ್ತದೆ. ಸೊರಬದ ಸೀಮೆಯಲ್ಲಿ ಸಂಚರಿಸಿದವರಿಗೆ ವೀರಗಲ್ಲು, ಮಾಸ್ತಿಕಲ್ಲುಗಳು ಹೊಸವಲ್ಲ. ಉದ್ರಿಯಲ್ಲಿ ವ್ರತದಿಂದ ದೇಹ ತೊರೆದವರ ನಿಸಿಧಿ ಕಲ್ಲುಗಳೂ ಉಂಟು. ಮರಣವನ್ನು ಮರೆಮಾಡದೆ ಕಲ್ಲಿನಲ್ಲಿ ಕಡೆದು, ಬದುಕುವವರ ಕಣ್ಣೆದುರಿಗೇ ನಿಲ್ಲಿಸಿದ ಜನ ಅವರು.

ನೆರೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಜಕ್ಕಿಯಬ್ಬೆ ಎಂಬವಳ ಕಥೆಯನ್ನು ಹೇಳುತ್ತದೆ. 10ನೆಯ ಶತಮಾನದ ಎರಡನೆಯ ದಶಕ, ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ 70ರ ಅಧಿಕಾರಿಯಾಗಿದ್ದ ಸತ್ತರಸ ನಾಗಾರ್ಜುನನು ತೀರಿಕೊಳ್ಳಲು, ಆ ನಾಳ್ಗಾವುಂಡ ಪದವಿಯು ಅವನ ಮಡದಿಗೇ ದೊರೆಯಿತು. ಜಕ್ಕಿಯಬ್ಬೆ ನಾಡನ್ನು ಸಮರ್ಥಳಾಗಿ ಆಳಿದಳು. ಕೊನೆಗೆ ವ್ಯಾಧಿ ಬಾಧಿಸಿದಾಗ ಅವಳು ಭೋಗದ ಆಸೆಯನ್ನು ಹರಿದುಕೊಂಡು, ಮಗಳನ್ನು ಕರೆಸಿ, ತನ್ನದೆಲ್ಲವನ್ನೂ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹವನ್ನು ಬಿಟ್ಟಳು.

ಇದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಹಿಂದೆ, ದೂರದ ಅಥೆನ್ಸ್ ನಗರದಲ್ಲಿ ಎಪಿಕ್ಯೂರಸನೆಂಬ ಗ್ರೀಕ್ ತತ್ತ್ವಜ್ಞನಿದ್ದನು. ಸುಖವೇ ಬಾಳಿನ ಗುರಿಯೆಂದ ಕಾರಣ ಅವನನ್ನು ಭೋಗಿಯೆಂದು ಹಳಿದವರು ಬಹಳ. ಆದರೆ ಅವನ ತೋಟದ ಪಾಠಶಾಲೆಯಲ್ಲಿ ಸುಖವೆಂದರೆ ರೊಟ್ಟಿ, ನೀರು, ಗೆಳೆಯರೊಡನೆ ಮಾತುಕತೆ, ಅಂಜಿಕೆಯಿಲ್ಲದ ಮನಸ್ಸು. ಜೀವವೂ ಅಣುಗಳಿಂದಾದುದು, ಸತ್ತಾಗ ಅವು ಚದುರುತ್ತವೆ, ಬಳಿಕ ನೋಯಲು ಯಾರೂ ಇರುವುದಿಲ್ಲ. ಹೀಗಿರುವಾಗ ಸಾವಿಗೆ ಹೆದರುವುದೇಕೆ ಎಂಬುದು ಅವನ ವಾದ. ಕ್ರಿ.ಪೂ. 270ರ ಸುಮಾರಿನಲ್ಲಿ, ಮೂತ್ರಾಶ್ಮರಿಯ ಅಸಹನೀಯ ನೋವಿನ ನಡುವೆ ಅವನು ಗೆಳೆಯನಿಗೊಂದು ಓಲೆ ಬರೆದನು. ಹಿಂದಿನ ಮಾತುಕತೆಗಳ ನೆನಪೇ ಈ ನೋವಿಗೆ ಮದ್ದು ಎಂಬುದು ಅದರ ತಾತ್ಪರ್ಯ. ಜೊತೆಗೊಂದು ಬಿನ್ನಹ: ಮೊದಲೇ ತೀರಿಕೊಂಡಿದ್ದ ಮಿತ್ರ ಮೆಟ್ರೊಡೋರಸನ ಮಕ್ಕಳನ್ನು ನೋಡಿಕೊಳ್ಳಬೇಕು.

ಆತ್ಮ ಉಳಿಯುವುದಿಲ್ಲವೆಂದವನು ಅವನು. ಆತ್ಮದ ಏಳಿಗೆಗೆಂದೇ ವ್ರತ ಹಿಡಿದವಳು ಇವಳು. ಸಿದ್ಧಾಂತಗಳು ಎಂದಿಗೂ ಕೂಡವು. ಆದರೂ ಕೊನೆಯ ಹೊತ್ತಿನಲ್ಲಿ ಇಬ್ಬರೂ ಮಾಡಿದ ಕೆಲಸ ಒಂದೇ: ಹಿಂದೆ ಉಳಿಯುವವರಿಗೆ ಒಂದು ದಾರಿ. ಕ್ರಿ.ಪೂ. 399ರಲ್ಲಿ ವಿಷ ಕುಡಿದ ಸಾಕ್ರೆಟೀಸನ ಕಡೆಯ ಮಾತೂ, ಪ್ಲೇಟೊ ಹೇಳುವಂತೆ, ವೈದ್ಯದೇವತೆಗೆ ಸಲ್ಲಬೇಕಾದ ಒಂದು ಹುಂಜದ ಹರಕೆಯನ್ನು ಕುರಿತದ್ದು. ಮಹಾತತ್ತ್ವದ ಬಾಯಲ್ಲಿ ಮನೆವಾರ್ತೆಯ ಮಾತು!

ಸಾವನ್ನು ಎದುರಿಸುವ ಧೈರ್ಯವೆಂದರೆ ಎದೆಯುಬ್ಬಿಸಿ ನಿಲ್ಲುವುದೇ ಆಗಬೇಕಿಲ್ಲ. ಬಾಕಿ ತೀರಿಸುವುದು, ಒಪ್ಪಿಸಬೇಕಾದುದನ್ನು ಒಪ್ಪಿಸುವುದು, ಕಳೆದ ಒಳ್ಳೆಯ ದಿನಗಳನ್ನು ನೆನೆಯುವುದು, ಇವೂ ಧೈರ್ಯವೇ. ಬಾಳುವಾಗ ಈ ಅಭ್ಯಾಸವುಳ್ಳವರಿಗೆ ಹೊರಡುವಾಗ ಅದು ಹೊಸ ಪಾಠವಾಗದು. ಆದರೆ ಒಪ್ಪಿಸಿಕೊಳ್ಳುವವರಿಲ್ಲದೆ ಒಪ್ಪಿಸುವುದೆಂತು? ಹಿರಿಯರು ಕರೆದಾಗ ಹತ್ತಿರ ಕುಳಿತು, ತಡೆಯದೆ ಕೇಳುವುದಷ್ಟೇ ಕಿರಿಯರ ಪಾಲಿನ ಕೆಲಸ.