ಪಾಲಾ ಹುಡುಕಿದ ತಳಿ

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಕೂತವರಿಗೆ ಕಟ್ಟು ಕಟ್ಟು ಉತ್ತರ ಪತ್ರಿಕೆಗಳ ಬೇಸರ ಗೊತ್ತು. 1969ರಲ್ಲಿ ಅಮೆರಿಕದ ಜಾನ್ ಕೇರ್ನ್ಸ್ ಅವರ ಪ್ರಯೋಗಾಲಯದಲ್ಲಿ ಪಾಲಾ ಡಿ ಲೂಸಿಯಾ ಎಂಬ ಸಹಾಯಕಿ ಇಂಥದೇ ಕೆಲಸ ಮಾಡಿದಳು. ಸಾವಿರಾರು ಬ್ಯಾಕ್ಟೀರಿಯಾ ತಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದಳು.

ಒಂದು ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಕರುಳಿನ ಇ-ಕೋಲೈಗೆ ಸುಮಾರು 46 ಲಕ್ಷ ಅಕ್ಷರಗಳ ಬರಹ. ನಕಲಿಗೆ ಹಿಡಿಯುವುದು ಸುಮಾರು 40 ನಿಮಿಷ, ನಮ್ಮ ಒಂದು ಪೀರಿಯಡ್ಡು! ಆರ್ಥರ್ ಕಾರ್ನ್‌ಬರ್ಗ್ ಕಂಡುಹಿಡಿದ ಕಿಣ್ವವೇ ಈ ನಕಲುಗಾರ ಎಂದು ಎಲ್ಲರೂ ನಂಬಿದ್ದರು. ಅವರಿಗೆ 1959ರಲ್ಲಿ ನೊಬೆಲ್ ಬಂದಿತ್ತು. ಪಾಲಾಗೆ ಸಿಕ್ಕ ಒಂದು ತಳಿಯಲ್ಲಿ ಆ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಅದು ಹಾಯಾಗಿ ಬೆಳೆಯುತ್ತಿತ್ತು. ಆ ಜೀನಿಗೆ ಪೋಲ್-ಎ ಎಂದು ಹೆಸರಿಟ್ಟಾಗ ಪಾಲಾಳ ಹೆಸರೂ ಅದರಲ್ಲಿ ಅಡಗಿತು. ನನಗಂತೂ ಇದು ಬಹಳ ಹಿಡಿಸಿತು. ಸಹಾಯಕಿಯರ ಹೆಸರು ಉಳಿಯುವುದು ಅಪರೂಪ.

ಹಾಗಾದರೆ ನಿಜವಾದ ನಕಲುಗಾರ ಯಾರು? ಬೇಕೇ ಬೇಕಾದ ಜೀನನ್ನು ಕೆಡಿಸಿದರೆ ಜೀವಿಯೇ ಸಾಯುತ್ತದೆ, ಪರೀಕ್ಷಿಸುವುದೇನನ್ನು? ಅದಕ್ಕೆ ಉಪಾಯವಾಗಿ, ಬಿಸಿಗೆ ಮಾತ್ರ ಕೈಕೊಡುವ ತಳಿಗಳನ್ನು ಆರಿಸಿಕೊಂಡರು. 30 ಡಿಗ್ರಿಯಲ್ಲಿ ಸೊಗಸಾಗಿ ಬೆಳೆಯುತ್ತವೆ, 42ಕ್ಕೆ ಏರಿಸಿದರೆ ನಕಲು ನಿಲ್ಲುತ್ತದೆ. ಸುಡುವ ಹಾಲಿಗೆ ಹೆಪ್ಪು ಹಾಕಿದರೆ ಏನಾಗುತ್ತದೆಂದು ಬಲ್ಲ ನಮಗೆ ಇದೇನು ಹೊಸದಲ್ಲ ಬಿಡಿ. ಕಾರ್ನ್‌ಬರ್ಗರ ಮಗ ಥಾಮಸ್ ಚೆಲ್ಲೋ ವಾದನ ಕಲಿಯುತ್ತಿದ್ದವನು, ಬೆರಳಿನ ತೊಂದರೆಯಿಂದ ವಾದ್ಯ ಬಿಟ್ಟ. 1970-71ರಲ್ಲಿ ಅವನು ಮತ್ತು ಸಂಗಡಿಗರು ಇನ್ನೆರಡು ಕಿಣ್ವ ಕಂಡುಹಿಡಿದರು. ಬಿಸಿ ತಾಳದ ತಳಿಯೊಂದರಲ್ಲಿ ಕೆಟ್ಟಿದ್ದದ್ದು ಅವುಗಳಲ್ಲಿ ಒಂದು. ಅದೇ ಅಸಲಿ ನಕಲುಗಾರ!

ಸಮಾಜ ಪಾಠದ ಮೇಡಂಗೆ ಇದೆಲ್ಲ ಯಾಕೆ ಅನ್ನಬಹುದು ನೀವು. ಶ್ರೀನಿವಾಸಪುರದ ನಮ್ಮಕ್ಕನಿಗೆ ಕ್ಷಯ, ಅದೂ ಮಾಮೂಲಿ ಮಾತ್ರೆಗೆ ಬಗ್ಗದ ಜಾತಿಯದು. ಈಗ ಕೊಡುತ್ತಿರುವ ಮಾತ್ರೆಗಳಲ್ಲಿ ಮಾಕ್ಸಿಫ್ಲಾಕ್ಸಸಿನ್ ಒಂದು. ಜಡೆ ಬಿಚ್ಚುವಾಗ ಮುಂದೆ ಮುಂದೆ ಸಿಕ್ಕು ಬೀಳುವಂತೆ, ನಕಲಿಗೆಂದು ಎಳೆ ಬಿಡಿಸಿದಾಗ ಡಿಎನ್‌ಎ ಹುರಿಗಟ್ಟುತ್ತದೆ. ಅದನ್ನು ಸಡಿಲಿಸುವುದು ಜೈರೇಸ್ ಎಂಬ ಕಿಣ್ವ. ಅಕ್ಕನ ಮಾತ್ರೆ ಹಿಡಿಯುವುದು ಅದರ ಕೈಯನ್ನೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರ ತಂಡ ಕ್ಷಯದ ಕುಲದ ಬ್ಯಾಕ್ಟೀರಿಯಾಗಳ ಜೈರೇಸನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದೆ.

ಆ ಜೀನಿನಲ್ಲಿ ಒಂದಕ್ಷರ ಬದಲಾದರೂ ಮಾತ್ರೆ ನಾಟದೆ ಹೋಗಬಹುದು. ಅಕ್ಕನಿಗೆ ಅಷ್ಟೆಲ್ಲ ಹೇಳಿಲ್ಲ. "ಇನ್ನೆಷ್ಟು ದಿನವೇ ಇವನ್ನು ನುಂಗೋದು?" ಅಂತಾಳೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಲೆಕ್ಕ ತೋರಿಸುತ್ತೇನೆ, ಮಾತ್ರೆ ಬಾಯಿಗೆ ಹೋಗುವವರೆಗೂ ಎದುರಿಗೇ ಕೂತಿರುತ್ತೇನೆ.