ಕಪಿಲೆಯ ಕಡೆಯ ಒಂದು ಶಾಲೆ

ಹೆಗ್ಗಡದೇವನಕೋಟೆಯೆಂದೊಡನೆ ಪಟ್ಟಣವಾಸಿಗಳಾದ ನಮ್ಮ ಕಣ್ಣೆದುರು ನಿಲ್ಲುವುದು ಆನೆಗಳ ಹಿಂಡು, ಕಬಿನಿಯ ಹಿನ್ನೀರು, ನಾಗರಹೊಳೆಯ ಕಾಡು. ಶನಿವಾರ ಮಧ್ಯಾಹ್ನ ಮೈಸೂರನ್ನು ಬಿಟ್ಟು ಭಾನುವಾರ ರಾತ್ರಿ ಹಿಂದಿರುಗುವ ಪ್ರವಾಸಿಗಳು ಹುಲಿ ಕಂಡಿತೆ ಇಲ್ಲವೆ ಎಂಬುದರ ಮೇಲೆ ಆ ಸೀಮೆಗೆ ಬೆಲೆ ಕಟ್ಟುತ್ತಾರೆ. ಆದರೆ ಕನ್ನಡನಾಡಿನ ಸರಕಾರಿ ಶಾಲೆಗಳಲ್ಲಿ ಮಕ್ಕಳು ಅಕ್ಷರ ಕಲಿಯುವ ರೀತಿಯೇ ಬದಲಾದದ್ದು ಈ ತಾಲ್ಲೂಕಿನಿಂದ ಎಂಬ ಸಂಗತಿ ಅವರಲ್ಲಿ ಬಹುಮಂದಿಗೆ ತಿಳಿಯದು. 'ನಲಿ ಕಲಿ' ಎಂಬ ಪದ್ಧತಿ ಮೊಳೆತದ್ದು 1995ರಲ್ಲಿ, ಇಲ್ಲಿಯ ಹಳ್ಳಿಗಳಲ್ಲಿ. ಒಂದು ಶಾಲೆ ತನ್ನ ಮಕ್ಕಳಿಗೆ ನಿಜವಾಗಿ ಆಸರೆಯಾಗಿದೆಯೆ ಎಂಬುದನ್ನು ಯಾವ ಅಳತೆಗೋಲಿನಿಂದ ತಿಳಿಯಬೇಕು ಎಂಬ ಪ್ರಶ್ನೆ ನನ್ನನ್ನು ಬಹುದಿನಗಳಿಂದ ಕಾಡುತ್ತಿದ್ದಿತು. ಅದನ್ನು ಜೊತೆಗಿಟ್ಟುಕೊಂಡು, ಶಿವರಾತ್ರಿ ಕಳೆದ ಮೇಲಿನ ಒಂದು ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಮೈಸೂರಿನಿಂದ ಹೊರಟೆ.

ಮಾನಂದವಾಡಿ ರಸ್ತೆ ಮೈಸೂರಿನ ಗದ್ದಲವನ್ನು ಬೇಗನೆ ಕಳೆದುಕೊಳ್ಳುತ್ತದೆ. ಜಯಪುರ, ಹಂಪಾಪುರಗಳು ಹಿಂದೆ ಸರಿದವು. ಹತ್ತಿ ಬಿಡಿಸಿಯಾದ ಹೊಲಗಳು, ಹೊಗೆಸೊಪ್ಪು ಹದಮಾಡುವ ಎತ್ತರದ ಮನೆಗಳು, ಶುಂಠಿ ಕಿತ್ತ ಕೆಂಪು ನೆಲ. ಎಡಗಡೆ ಎಲ್ಲಿಯೋ ಕಪಿಲೆ ಹರಿಯುತ್ತಿದ್ದಾಳೆ ಎಂದು ಸಹಪ್ರಯಾಣಿಕರೊಬ್ಬರು ತಿಳಿಸಿದರು. ಪುನ್ನಾಟದ ಅರಸರ ರಾಜಧಾನಿ ಕೀರ್ತಿಪುರ, ಇಂದಿನ ಕಿತ್ತೂರು, ಈ ನದಿಯ ದಡದ ಊರೇ. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಮುಗಿದು ನೀರು ನಿಂತಾಗ ಎಷ್ಟೋ ಹೊಲಮನೆಗಳು ಮುಳುಗಿದವು. ಅದೇ ಕಾಲಕ್ಕೆ ಹುಲಿಗಳ ರಕ್ಷಣೆಯ ಯೋಜನೆಯೂ ಬಂದಿತು. ನೀರಿನಿಂದಲೂ ಹುಲಿಯಿಂದಲೂ ಹೊರಬಿದ್ದ ಜೇನುಕುರುಬರು, ಬೆಟ್ಟಕುರುಬರು ಕಾಡಂಚಿನಲ್ಲಿ ಹಾಡಿ ಕಟ್ಟಿಕೊಂಡರು. ಆ ಹಾಡಿಗಳ ಮಕ್ಕಳೂ ಪಕ್ಕದ ಹಳ್ಳಿಗಳ ಒಕ್ಕಲುಮಕ್ಕಳೂ ಕೂಡಿ ಓದುವ ಶಾಲೆಯೊಂದಕ್ಕೆ ನಾನು ಹೊರಟಿದ್ದುದು. ಅದರ ಹೆಸರು ಬೇಡ. ಅಲ್ಲಿಯ ಮುಖ್ಯೋಪಾಧ್ಯಾಯರು ನನ್ನ ಮಿತ್ರರ ಮಿತ್ರರು. ಹ್ಯಾಂಡ್‌ಪೋಸ್ಟಿನ ಕೂಡುರಸ್ತೆಯಲ್ಲಿ ತಮ್ಮ ಮೋಟಾರು ಸೈಕಲ್ಲಿನೊಡನೆ ಕಾದಿದ್ದರು.

"ಇಂದು ಮಕ್ಕಳು ಸ್ವಲ್ಪ ತಡ ಮಾಡಿಯಾರು. ರಾತ್ರಿ ಆನೆ ಬಂದಿತ್ತು," ಎಂದರು. ಮಳೆ ಬಂದಿತ್ತು ಎನ್ನುವಷ್ಟು ಸಹಜವಾಗಿ ಆ ಮಾತು ಬಂದಿತು.

ಎರಡು ಕೊಠಡಿ, ಒಂದು ಜಗುಲಿ, ಅಡುಗೆಯ ಕೋಣೆ, ಅಂಗಳದಲ್ಲಿ ಹೊಂಗೆಯ ಮರ, ಇದಿಷ್ಟೇ ಶಾಲೆ. ಮಕ್ಕಳು 34, ಉಪಾಧ್ಯಾಯರು ಇಬ್ಬರು. ಅರುವತ್ತು ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು ಸಾಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆ ಹೇಳುತ್ತದೆ. ಲೆಕ್ಕಕ್ಕೆ ಸರಿಯೇ. ಆದರೆ ತರಗತಿಗಳು ಐದು! ಮುಖ್ಯೋಪಾಧ್ಯಾಯರು ಕಾಗದಪತ್ರಗಳ ಸಲುವಾಗಿ ಕೋಟೆಗೆ ಹೋದ ದಿನ ಐದೂ ತರಗತಿಗಳು ಒಬ್ಬ ಉಪಾಧ್ಯಾಯಿನಿಯ ಕೈಯಲ್ಲಿ. ನಲಿ ಕಲಿ ಹುಟ್ಟಿದ್ದು ಇಂಥ ಇಕ್ಕಟ್ಟಿನಿಂದಲೇ. ಆಂಧ್ರದ ಮದನಪಲ್ಲಿಯ ಸಮೀಪದ ರಿಷಿವ್ಯಾಲಿಯವರು ಸುತ್ತಲ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ಈ ತಾಲ್ಲೂಕಿನ ಕೆಲವು ಉಪಾಧ್ಯಾಯರು ಹೋಗಿ ನೋಡಿದರು. ಒಬ್ಬರೇ ಗುರುಗಳು, ಹಲವು ವಯಸ್ಸಿನ ಮಕ್ಕಳು, ಆದರೂ ಪ್ರತಿಯೊಂದು ಮಗುವೂ ತನ್ನದೇ ನಡಿಗೆಯಲ್ಲಿ ಮುಂದೆ ಸಾಗುತ್ತಿರುವುದು ಅವರಿಗೆ ಬೆರಗನ್ನು ತಂದಿತು. ಊರಿಗೆ ಮರಳಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಕನ್ನಡದಲ್ಲಿ ತಾವೇ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಕಥೆ ಹೆಣೆದರು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳ ಮೊದಲೆರಡು ತರಗತಿಗಳಿಗೆಲ್ಲ ಹಬ್ಬಿ, ಮುಂದೆ ಮೂರನೆಯದಕ್ಕೂ ಬಂದಿತು. ಮೇಲಿನವರ ಅಪ್ಪಣೆಯಿಂದಲ್ಲದೆ ಹಳ್ಳಿಯ ಉಪಾಧ್ಯಾಯರ ಕೈಯಿಂದ ಮೇಲೇರಿದ ಸುಧಾರಣೆಗಳು ನಮ್ಮಲ್ಲಿ ಎಷ್ಟಿವೆ, ವಾಚಕರೇ ಎಣಿಸಿ ನೋಡಲಿ.

ನಲಿ ಕಲಿಯ ಕೊಠಡಿಯೊಳಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಮದುವೆಯ ಮನೆಯ ಸಡಗರ. ತಲೆಯ ಮೇಲೆ ತಂತಿ ಕಟ್ಟಿ, ಮಕ್ಕಳು ಬರೆದ ಚಿತ್ರ, ಅಕ್ಷರ, ಕಾಗದದ ಹಕ್ಕಿಗಳನ್ನು ತೋರಣದಂತೆ ಇಳಿಬಿಟ್ಟಿದ್ದಾರೆ. ಇದಕ್ಕೆ 'ಕಲಿಕಾ ಚಪ್ಪರ'ವೆಂದು ಹೆಸರು. ಗೋಡೆಯ ಕೆಳಭಾಗದಲ್ಲಿ, ಕುಳಿತ ಮಗುವಿನ ಕೈಗೆ ಎಟಕುವಂತೆ, ಸುತ್ತಲೂ ಕಪ್ಪುಹಲಗೆ ಬಳಿದಿದೆ. ಪ್ರತಿಯೊಬ್ಬರಿಗೂ ಒಂದೊಂದು ಅಗಲದ ಜಾಗ. ಇನ್ನೊಂದು ಕಡೆ ಹವಾಮಾನದ ನಕ್ಷೆ. ಮೋಡವೋ ಬಿಸಿಲೋ ಎಂಬುದನ್ನು ಅಂಗಳಕ್ಕೆ ಹೋಗಿ ನೋಡಿಬಂದು ಗುರುತು ಹಾಕುವುದು ಮಕ್ಕಳದೇ ಕೆಲಸ. ನಾನಿದ್ದಾಗ 'ಬಿಸಿಲು' ಎಂದು ಒಬ್ಬನೂ 'ಮೋಡ' ಎಂದು ಇನ್ನೊಬ್ಬನೂ ಹಟಹಿಡಿದು, ಕೊನೆಗೆ ಇಬ್ಬರೂ ಕೂಡಿ ಆಕಾಶವನ್ನು ಮತ್ತೊಮ್ಮೆ ಪರೀಕ್ಷಿಸಲು ಹೊರಗೋಡಿದರು. ಉಪಾಧ್ಯಾಯಿನಿಯವರು ತಡೆಯಲಿಲ್ಲ.

ಇಲ್ಲಿ ಅಕ್ಷರಾಭ್ಯಾಸ ಅ ಆ ಇ ಈ ಎಂದು ತೊಡಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಸುಲಭವಾಗಿ ಬರೆಯಬರುವ ಈ ಐದು ಅಕ್ಷರ ಕೈಗೆ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಅಂದೇ ಓದಬಲ್ಲದು. ಆಮೇಲೆ ಜ, ವ, ಮ, ಬ, ನ. ತಟ್ಟೆಯ ಅಕ್ಕಿಯಲ್ಲಿ ಬೆರಳಿಟ್ಟು ಅಕ್ಷರಮಾಲೆಯನ್ನು ಸಾಲಾಗಿ ತಿದ್ದಿದ ನಮ್ಮಂಥವರಿಗೆ ಇದು ಹಾರವನ್ನು ಹರಿದು ಮಣಿ ಚೆಲ್ಲಿದಂತೆ ತೋರಬಹುದು. ಆದರೆ ಮಾಲೆಯನ್ನೆಲ್ಲ ಬಾಯಿಪಾಠ ಮಾಡಿಯೂ ಒಂದು ಪದವನ್ನು ಓದಲಾರದೆ ಕುಳಿತ ಮಕ್ಕಳನ್ನು ನಾವು ಕಂಡಿಲ್ಲವೆ?

ಈ ಪದ್ಧತಿಯ ಜೀವಾಳ ಗೋಡೆಯ ಮೇಲಿನ ಏಣಿ. ಕಲಿಯಬೇಕಾದುದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲುಗಳಾಗಿ, ಕೆಲವು ಮೆಟ್ಟಿಲುಗಳಿಗೊಂದು ಮೈಲಿಗಲ್ಲಾಗಿ ಬಿಡಿಸಿಟ್ಟಿದ್ದಾರೆ. ಮೆಟ್ಟಿಲಿಗೊಂದು ಚಿತ್ರದ ಗುರುತು. ಮಗು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ನೋಡಿಕೊಂಡು, ಆ ಗುರುತಿನ ಕಾರ್ಡನ್ನು ತಾನೇ ಹುಡುಕಿ ತೆಗೆದುಕೊಂಡು, ತನಗೆ ತಕ್ಕ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಉಪಾಧ್ಯಾಯರ ಪೂರ್ಣ ನೆರವು ಬೇಕಾದವರದು ಒಂದು ಗುಂಪು, ಸ್ವಲ್ಪ ನೆರವಿನವರದು ಇನ್ನೊಂದು; ಜೊತೆಯ ಮಕ್ಕಳಿಂದ ಕಲಿಯುವವರದು ಎರಡು; ತಾನೇ ಕಲಿಯಬಲ್ಲವರದು ಕೊನೆಯದು. ಹೀಗೆ ಒಟ್ಟು ಐದು. ಮೆಟ್ಟಿಲು ದಾಟಿದಂತೆಲ್ಲ 'ಪ್ರಗತಿ ನೋಟ'ವೆಂಬ ಪಟ್ಟಿಯಲ್ಲಿ ಗುರುತು ಬೀಳುತ್ತದೆ.

ಅಂದು ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡೂವರೆ ತಿಂಗಳ ಮೇಲೆ ಶಾಲೆಗೆ ಬಂದಿದ್ದಳು. ತಾಯಿತಂದೆಗಳು ಕಾಫಿ ಕೊಯ್ಲಿಗೆ ಕೊಡಗಿಗೆ ಹೋದಾಗ ಅವಳೂ ತಮ್ಮನನ್ನು ನೋಡಿಕೊಳ್ಳಲು ಹೋಗಿದ್ದಳು. ಬಾಗಿಲಲ್ಲೇ ನಿಂತಿದ್ದವಳನ್ನು ಉಪಾಧ್ಯಾಯಿನಿಯವರು ಕರೆಯಲಿಲ್ಲ. ಏಕೆ ಬರಲಿಲ್ಲವೆಂದು ಕೇಳಲೂ ಇಲ್ಲ. "ನಿನ್ನ ಗುರುತು ಎಲ್ಲಿದೆ ನೋಡು ಪುಟ್ಟಿ" ಎಂದಷ್ಟೇ ಹೇಳಿ ತಮ್ಮ ಗುಂಪಿನ ಕಡೆ ತಿರುಗಿದರು. ಹುಡುಗಿ ಏಣಿಯ ಬಳಿ ಹೋಗಿ ಬೆರಳಿಟ್ಟು ಹುಡುಕಿದಳು. ಮಾರ್ಗಶಿರದಲ್ಲಿ ಬಿಟ್ಟುಹೋದ ಮೆಟ್ಟಿಲು ಅಲ್ಲೇ ಇದ್ದಿತು. ಕಾರ್ಡು ತೆಗೆದುಕೊಂಡು, ತನಗಿಂತ ಚಿಕ್ಕವಳೊಬ್ಬಳ ಪಕ್ಕದಲ್ಲಿ ಕುಳಿತು, ಅವಳಿಂದಲೇ ಒಂದು ಪದವನ್ನು ಕೇಳಿ ತಿಳಿದಳು. ಇಬ್ಬರಿಗೂ ಅದರಲ್ಲಿ ಅವಮಾನವಾಗಲಿ ಹೆಚ್ಚುಗಾರಿಕೆಯಾಗಲಿ ಕಾಣಲಿಲ್ಲ. ಬಿಟ್ಟುಹೋದ ಮಗುವಿಗೆ ಬಾಗಿಲಿನಿಂದ ತನ್ನ ಜಾಗದವರೆಗೆ ನಡೆಯುವುದು ಎಷ್ಟು ಹೊತ್ತು, ಎಷ್ಟು ಕಷ್ಟ? ಶಾಲೆಯ ಬೆಲೆಯನ್ನು ನಾನು ಮೊದಲು ಕಟ್ಟುವುದು ಇದರಿಂದ. ಇಲ್ಲಿ ಅದಕ್ಕೆ ಅರ್ಧ ಗಳಿಗೆಯೂ ಹಿಡಿಯಲಿಲ್ಲ.

ಸರಕಾರದ ಅಳತೆಗೋಲು ಬೇರೆ. 2015ರಲ್ಲಿ ರಾಷ್ಟ್ರಮಟ್ಟದಲ್ಲಿ ಹೊರಟ 'ಶಾಲಾ ಸಿದ್ಧಿ' ಎಂಬ ಯೋಜನೆಯಲ್ಲಿ ಶಾಲೆ ಮೊದಲು ತನ್ನನ್ನು ತಾನೇ ಅಳೆದುಕೊಳ್ಳಬೇಕು. ಏಳು ಕ್ಷೇತ್ರ, ಒಟ್ಟು 46 ಮಾನದಂಡ, ಪ್ರತಿಯೊಂದಕ್ಕೂ ಒಂದರಿಂದ ಮೂರರವರೆಗೆ ಹಂತ. ಕಟ್ಟಡ, ನೀರು, ಬೋಧನೆ, ಮಕ್ಕಳ ಮುನ್ನಡೆ, ಆರೋಗ್ಯ, ಸುರಕ್ಷತೆ, ಊರವರ ಸಹಕಾರ ಎಲ್ಲವೂ ಅದರಲ್ಲಿ ಬರುತ್ತವೆ. ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಗೋಡೆಗೆ ಸುಣ್ಣ ಬಳಿದು, ಜಾಣ ಹುಡುಗರನ್ನು ಮುಂದೆ ಕೂರಿಸುತ್ತಿದ್ದ ನಮ್ಮ ಕಾಲವನ್ನು ನೆನೆದರೆ ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ಪಟ್ಟಿಯ ಗುರುತನ್ನು ನಂಬಿ ಎದ್ದುಬರಲು ನನಗೆ ಮನಸ್ಸಾಗಲಿಲ್ಲ. 2005ರಿಂದ ಪ್ರಥಮ್ ಸಂಸ್ಥೆಯವರು ಹಳ್ಳಿಹಳ್ಳಿಯಲ್ಲಿ ನಡೆಸುತ್ತ ಬಂದಿರುವ 'ಅಸರ್' ಸಮೀಕ್ಷೆಯ ರೀತಿ ಬಹು ಸರಳ: ಕೆಲವು ಅಕ್ಷರ, ಕೆಲವು ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ವಾಕ್ಯ, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ. ನಾನೂ ಮುಖ್ಯೋಪಾಧ್ಯಾಯರ ಅನುಮತಿಯಿಂದ ಹೊಂಗೆಯ ನೆರಳಲ್ಲಿ ಕುಳಿತು ನಾಲ್ಕು, ಐದನೆಯ ತರಗತಿಗಳ ಹನ್ನೊಂದು ಮಕ್ಕಳಿಂದ ಕಥೆ ಓದಿಸಿದೆ. ಏಳು ಮಂದಿ ಸರಾಗವಾಗಿ ಓದಿದರು. ಇಬ್ಬರು ಒತ್ತಕ್ಷರಗಳಲ್ಲಿ ಎಡವಿದರು. ಉಳಿದಿಬ್ಬರು ಪದ ಓದಿ ವಾಕ್ಯದಲ್ಲಿ ನಿಂತರು. ಆ ಇಬ್ಬರ ಪ್ರಗತಿ ನೋಟದಲ್ಲಿಯೂ ಏಣಿಯ ಕೊನೆಯ ಮೆಟ್ಟಿಲಿನವರೆಗೆ ಗುರುತು ಬಿದ್ದಿದ್ದಿತು!

ಮುಖ್ಯೋಪಾಧ್ಯಾಯರು ಮರೆಮಾಚಲಿಲ್ಲ. ವರ್ಷದ ಕೊನೆಗೆ ಮೆಟ್ಟಿಲು ಮುಗಿಸಲೇಬೇಕೆಂಬ ಒತ್ತಡ ಮೇಲಿನಿಂದ ಬರುತ್ತದೆ. ಆಗ ಮಗು ಹತ್ತದಿದ್ದರೂ ಪಟ್ಟಿ ಹತ್ತುತ್ತದೆ. ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮಾಯವಾಗಿ ದಪ್ಪ ಪುಸ್ತಕ ಎದುರಾಗುತ್ತದೆ. ಇನ್ನೊಂದು ತೊಡಕು ನುಡಿಯದು. ಜೇನುಕುರುಬರ ಮನೆಮಾತು ಬೇರೆ. ಪುಸ್ತಕದ ಕನ್ನಡ ಆ ಮಗುವಿಗೆ ಎರಡನೆಯ ಭಾಷೆಯಿದ್ದಂತೆ. ಓದಲು ಬಾರದವರಲ್ಲಿ ಒಬ್ಬನಾದ ಹಾಡಿಯ ಹುಡುಗ ಕಾಡಿನ ಹಕ್ಕಿಗಳ ಬಗೆಗೆ ಮಾತು ತೆಗೆದೊಡನೆ ಹನ್ನೆರಡು ಹೆಸರು ಹೇಳಿ, ಎರಡರ ಕೂಗನ್ನೂ ಅನುಕರಿಸಿ ತೋರಿಸಿದ. 46 ಮಾನದಂಡಗಳಲ್ಲಿ ಅದಕ್ಕೆ ಜಾಗ ಯಾವುದೆಂದು ನನಗೆ ತೋಚಲಿಲ್ಲ.

ಊರಿನ ಅನುಕೂಲಸ್ಥರ ಮಕ್ಕಳು ಹಳದಿಯ ವ್ಯಾನಿನಲ್ಲಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅಂಥ ತಂದೆಯೊಬ್ಬರನ್ನು ಚಹದಂಗಡಿಯಲ್ಲಿ ಕಂಡೆ. "ನಮ್ಮ ಮೇಷ್ಟ್ರು ಒಳ್ಳೆಯೋರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಳೆ ನನ್ನ ಮಗ ಬೆಂಗಳೂರಿನಲ್ಲಿ ಬಾಯಿ ಬಿಡಬೇಕಲ್ಲ ಸ್ವಾಮಿ?" ಎಂದರು. ನಮ್ಮ ಮನೆಗಳಲ್ಲಿ ನಾವು ಆಡುವ ಮಾತೇ ಅಲ್ಲವೆ ಅದು? ಅವರನ್ನು ತಪ್ಪೆನ್ನಲು ನನಗೆ ನಾಲಗೆ ಬರಲಿಲ್ಲ. ಆದರೆ ಹೀಗೆ ಒಬ್ಬೊಬ್ಬರೇ ಹೊರಟುಹೋದರೆ 34 ಎಂಬ ಸಂಖ್ಯೆ 20ಕ್ಕೆ ಇಳಿಯುತ್ತದೆ, ಆಮೇಲೆ ಶಾಲೆಯನ್ನು ಪಕ್ಕದೂರಿಗೆ ಸೇರಿಸುವ ಮಾತು ಏಳುತ್ತದೆ. ಆಗ ಆನೆಯ ಹಾದಿಯಲ್ಲಿ ನಡೆಯಬೇಕಾದವರು ವ್ಯಾನಿಲ್ಲದವರ ಮಕ್ಕಳು.

ಬೆಳಗಿನ ಹಾಲು ನಾನು ಬರುವುದರೊಳಗೆ ಮುಗಿದಿದ್ದಿತು. ಲೋಟಗಳು ಬಿಸಿಲಿಗೆ ಬೋರಲಾಗಿದ್ದವು. ಮಗುವಿಗೆ 150 ಮಿಲಿಲೀಟರ್ ಹಾಲು ಕೊಡುವ 'ಕ್ಷೀರಭಾಗ್ಯ' 2013ರಲ್ಲಿ ಬಂದದ್ದು. ಬಿಸಿಯೂಟ ಅದಕ್ಕೂ ಹಿಂದಿನದು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿದ ಮರುವರ್ಷ ಕರ್ನಾಟಕದಲ್ಲಿ 'ಅಕ್ಷರ ದಾಸೋಹ' ತೊಡಗಿತು. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು ಎಂದು ಲೆಕ್ಕ. ಆ ಲೆಕ್ಕದಲ್ಲಿಲ್ಲದ ಸಂಗತಿಯನ್ನು ನನಗೆ ತಿಳಿಸಿದವರು ಅಡುಗೆಯ ತಾಯಿ. ಅನ್ನ, ಸಾರು, ಬೇಯಿಸಿದ ಮೊಟ್ಟೆ ಬಡಿಸುತ್ತ, "ಶುಕ್ರವಾರ ತಪ್ಪಲೇಲಿ ಒಂದಿಷ್ಟು ಉಳೀತದೆ. ಸೋಮವಾರ ಮಾತ್ರ ಅಗುಳೂ ಉಳಿಯಾಕಿಲ್ಲ," ಎಂದರು. ಭಾನುವಾರ ಹಾಡಿಯ ಒಲೆಗಳು ಹೇಗಿದ್ದವೆಂಬುದನ್ನು ಆಕೆ ಸೋಮವಾರದ ತಪ್ಪಲೆಯಿಂದ ಅರಿಯುತ್ತಾರೆ. ಮೂರು ಸಲ ಬಡಿಸಿಕೊಳ್ಳುವ ಮಗು ಯಾವುದೆಂದು ಆಕೆಗೆ ಗೊತ್ತು. ಕೇಳಲು ನಾಚುವ ಮಗುವೂ ಗೊತ್ತು. ಅದರ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಿತ್ತು. ಮಕ್ಕಳ ಕ್ಷೇಮದ ವಿಷಯದಲ್ಲಿ ಆ ಶಾಲೆಯ ಅತ್ಯುತ್ತಮ ಪರೀಕ್ಷಕರು ಇವರೇ ಎಂದು ನನಗೆ ತೋರಿತು, ಆದರೆ ಇವರ ಅಭಿಪ್ರಾಯವನ್ನು ಯಾವ ನಮೂನೆಯೂ ಕೇಳುವುದಿಲ್ಲ.

ಊಟದ ಮೇಲೆ ಮುಖ್ಯೋಪಾಧ್ಯಾಯರು ತಮ್ಮ ಸ್ವಮೌಲ್ಯಮಾಪನದ ಹಾಳೆಗಳನ್ನು ತೆಗೆದು ತೋರಿಸಿದರು. ಊರವರ ಸಹಕಾರಕ್ಕೆ ಎರಡು ಎಂದು ಬರೆದುಕೊಂಡಿದ್ದರು. ವ್ಯಾನಿನ ನೆನಪಿನಿಂದ ಇರಬೇಕು. ಶೌಚಾಲಯದ ಎದುರು ಒಂದು ಇದ್ದಿತು. ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಕಟ್ಟಡ ಇದೆಯಲ್ಲ, ಕಾಯಿದೆ ಕೇಳುವುದು ಅದನ್ನೇ ಅಲ್ಲವೆ ಎಂದೆ. ಅವರು ನನ್ನನ್ನು ಹಿಂದಕ್ಕೆ ಕರೆದೊಯ್ದು ನಲ್ಲಿ ತಿರುಗಿಸಿದರು. ನೀರು ಬರಲಿಲ್ಲ. ಶಿವರಾತ್ರಿಯಿಂದ ಮಳೆಗಾಲದವರೆಗೆ ಮೇಲಿನ ತೊಟ್ಟಿಗೆ ನೀರು ಏರುವುದಿಲ್ಲವಂತೆ. ಐದನೆಯ ತರಗತಿಯ ಇಬ್ಬರು ಹುಡುಗಿಯರು ಆ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಹೋಗಿಬಿಡುತ್ತಾರೆ.

"ಎರಡು ಬರೆದರೆ ಕೇಳುವವರು ಯಾರೂ ಇಲ್ಲ. ಆದರೆ ಒಂದು ಎಂದಿದ್ದರೆ ಯಾರಾದರೂ ಮೋಟಾರು ಕಳಿಸಿಕೊಟ್ಟಾರು," ಎಂದರು.

ಕೊಡಗಿನಿಂದ ಬಂದ ಹುಡುಗಿ ಆ ಹೊತ್ತಿಗೆ ಎರಡನೆಯ ಕಾರ್ಡನ್ನು ಮುಗಿಸಿ, ಗೋಡೆಯ ಕೆಳಗಿನ ತನ್ನ ಹಲಗೆಯಲ್ಲಿ ಏನನ್ನೋ ಬರೆಯುತ್ತಿದ್ದಳು. ಮುಂದಿನ ಕೊಯ್ಲಿಗೂ ಹೋಗುವೆಯಾ ಎಂದು ಕೇಳಿದೆ. ಹಣ್ಣಾದರೆ ಹೋಗಬೇಕು ಎಂದಳು. ಮುಂದಿನ ವರ್ಷ ಅವಳು ನಾಲ್ಕನೆಯ ತರಗತಿ. ಆ ಕೊಠಡಿಯ ಗೋಡೆಯಲ್ಲಿ ಏಣಿಯಿಲ್ಲ. ಮುಖ್ಯೋಪಾಧ್ಯಾಯರನ್ನು ಅದರ ಬಗೆಗೆ ಕೇಳಿದಾಗ, ಅವಳಿಗಾಗಿ ಹಳೆಯ ಕಾರ್ಡುಗಳ ಒಂದು ಪೆಟ್ಟಿಗೆಯನ್ನು ಆಚೆಯ ಕೊಠಡಿಗೂ ಸಾಗಿಸುವುದೆಂದು ಉಪಾಧ್ಯಾಯಿನಿಯವರೊಡನೆ ಮಾತಾಗಿದೆ ಎಂದರು. ನಿಯಮದಲ್ಲಿ ಅದಕ್ಕೆ ಅವಕಾಶವಿದೆಯೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಹೊತ್ತಾಗಿದ್ದಿತು.