ಇಪ್ಪತ್ತೈದು ತೂತುಗಳ ಸಾಕ್ಷಿ

ಧ್ವನಿವರ್ಧಕದಲ್ಲಿ ರೇಂಜ್ ಆಫೀಸರ್ ಕೂಗುತ್ತಾನೆ: ಫೈರಿಂಗ್ ನಿಲ್ಲಿಸಿ, ಬೋಲ್ಟ್ ತೆರೆದಿಡಿ, ಬೆಂಚಿನಿಂದ ಹಿಂದೆ ಸರಿಯಿರಿ. ಸಾಲಿನುದ್ದಕ್ಕೂ ಬೋಲ್ಟುಗಳು ಖಟಖಟನೆ ಹಿಂದಕ್ಕೆ ಬರುತ್ತವೆ. ಚೇಂಬರ್ ಖಾಲಿಯಿದೆ ಎಂದು ದೂರದಿಂದಲೇ ಕಾಣುವಂತೆ ಅದರೊಳಗೆ ಬಣ್ಣದ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿ ಎಲ್ಲರೂ ಗೆರೆಯ ಹಿಂದೆ ನಿಲ್ಲುತ್ತಾರೆ. ಇನ್ನು ಯಾರೂ ಕೋವಿ ಮುಟ್ಟುವಂತಿಲ್ಲ. ಕಾಗದದ ಗುರಿಹಾಳೆಗಳನ್ನು ಹಿಡಿದು ನೀವು ನೂರು ಗಜ ನಡೆಯುತ್ತೀರಿ. ಬೂಟಿನಡಿ ಮರುಭೂಮಿಯ ಜಲ್ಲಿ ಕರಕರ ಎನ್ನುತ್ತದೆ. ಚಳಿಗಾಲದ ಬೆಳಗು, ಬಿಸಿಲಿದೆ, ಆದರೆ ಬೆರಳ ತುದಿ ಇನ್ನೂ ಮರಗಟ್ಟಿದೆ.

ಇದು ಅಮೆರಿಕದ ಫೀನಿಕ್ಸ್ ನಗರದ ಉತ್ತರಕ್ಕೆ, ಹೆದ್ದಾರಿ 17ರ ಮಗ್ಗುಲಲ್ಲಿರುವ ಬೆನ್ ಏವರಿ ಶೂಟಿಂಗ್ ರೇಂಜ್. ಅರಿಝೋನಾ ರಾಜ್ಯದ ವನ್ಯಜೀವಿ ಇಲಾಖೆ ನಡೆಸುವ, 1600 ಎಕರೆಗೂ ಮೀರಿದ ಬಯಲು. ನಿಮ್ಮನ್ನು ಕರೆತಂದವರು ಕೊಡಗಿನ ಸೋಮವಾರಪೇಟೆ ಕಡೆಯವರು. ಫೀನಿಕ್ಸ್ ಮಗ್ಗುಲಿನ ಚಾಂಡ್ಲರಿನ ಚಿಪ್ ಕಾರ್ಖಾನೆಯೊಂದರಲ್ಲಿ ಅಳತೆ ವಿಭಾಗದ ಎಂಜಿನಿಯರ್. ಇಲ್ಲಿಯ ಪೌರತ್ವ ಪಡೆದು ವರ್ಷಗಳಾಗಿವೆ. ಗುರಿಹಾಳೆಯ ಹಿಂದೆ ಅವರು ಇನ್ನೊಂದು ಬಿಳಿ ಹಾಳೆಯನ್ನು ಪಿನ್ ಹೊಡೆದು ಭದ್ರ ಮಾಡುತ್ತಾರೆ. "ಮುಂದಿನ ಹಾಳೆ ಐದೈದು ಈಡಿಗೆ ಬದಲಾಯಿಸ್ತೀವಿ. ಹಿಂದಿನದನ್ನ ಮುಟ್ಟೋದಿಲ್ಲ. ಲೆಕ್ಕ ಇಡೋದು ಅದು," ಎನ್ನುತ್ತಾರೆ.

ಬೆಂಚಿನ ಮೇಲೆ ಮಲಗಿರುವ ರೈಫಲ್ಲಿಗೆ ವಿಶೇಷವೇನೂ ಇಲ್ಲ. ಅಂಗಡಿಯಿಂದ ತಂದ .308 ವಿಂಚೆಸ್ಟರ್, ಭುಜಕ್ಕಾನಿಸುವ ಪ್ಲಾಸ್ಟಿಕ್ ದಸ್ತು (ಸ್ಟಾಕ್), 26 ಇಂಚಿನ ದಪ್ಪ ಬ್ಯಾರೆಲ್. ಎತ್ತಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು: ದುರ್ಬೀನು ಸೇರಿ ಐದು ಕಿಲೋ ಹತ್ತಿರ, ಅದರಲ್ಲೂ ಭಾರವೆಲ್ಲ ಮುಂದಕ್ಕೆ. ಬೇಟೆಗಾರ ಹೆಗಲಿಗೇರಿಸಿ ಗುಡ್ಡ ಹತ್ತುವ ರೈಫಲ್ಲಿನ ಬ್ಯಾರೆಲ್ ಬಾಯಿಯ ಹತ್ತಿರ ಸುಮಾರು 0.6 ಇಂಚು ದಪ್ಪವಿದ್ದರೆ ಇದು 0.8ಕ್ಕೂ ಹೆಚ್ಚು. ಕಣ್ಣಿಗೆ ಅಲ್ಪ ಅಂತರ. ಆದರೆ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. ಹಾಗಾಗಿ ಈ ಬ್ಯಾರೆಲ್ ಬಾಗುವುದಕ್ಕೆ ಮೂರು ಪಟ್ಟಿಗೂ ಹೆಚ್ಚು ಹಟ ಮಾಡುತ್ತದೆ.

ಇಂಥ ಬ್ಯಾರೆಲ್‌ಗಳು ಸಾಮಾನ್ಯರ ಕೈಗೆ ಬಂದದ್ದು ಅಮೆರಿಕದ ಬಯಲು ಹುಲ್ಲುಗಾವಲುಗಳಿಂದ. ನೆಲ ತೋಡಿ ಬಿಲ ಮಾಡುವ ಪ್ರೇರೀ ನಾಯಿಯಂಥ ಪುಟ್ಟ ಪ್ರಾಣಿಗಳಿಗೆ ದೂರದಿಂದ, ದಿನವಿಡೀ ಗುರಿಯಿಡುವವರಿಗೆ ಬಿಸಿಯಾದರೂ ದಾರಿ ತಪ್ಪದ ನಳಿಗೆ ಬೇಕಿತ್ತು. ಅದಕ್ಕೇ ಇವತ್ತಿಗೂ ಕ್ಯಾಟಲಾಗುಗಳಲ್ಲಿ ಇದರ ಹೆಸರು ವಾರ್ಮಿಂಟ್, ಅಂದರೆ ಪೀಡೆ ಪ್ರಾಣಿಯ, ಬ್ಯಾರೆಲ್. 1962ರಲ್ಲಿ ಬಂದ ರೆಮಿಂಗ್‌ಟನ್ 700ರ ವಿನ್ಯಾಸಕ ಮೈಕ್ ವಾಕರ್ ಸ್ವತಃ ಬೆಂಚಿನ ಮೇಲಿಂದ ನಿಖರ ಗುರಿ ಹೊಡೆಯುವ ಪಂಥದವರು. 1966ರಲ್ಲಿ ಅಮೆರಿಕದ ನೌಕಾಪದಾತಿ ದಳ ತನ್ನ ಸ್ನೈಪರ್‌ಗಳಿಗೆ ಆರಿಸಿಕೊಂಡ ಎಂ40 ಅದೇ ರೈಫಲ್ಲಿನ ದಪ್ಪ ಬ್ಯಾರೆಲ್ಲಿನ ರೂಪ.

ಎಂಜಿನಿಯರು ಕಿಸೆಯಿಂದ ಒಂದು ಡಾಲರ್ ನೋಟು ತೆಗೆದು ಬ್ಯಾರೆಲ್ಲಿಗೂ ದಸ್ತಿಗೂ ನಡುವೆ ತೂರಿಸಿ ಹಿಂದಕ್ಕೆ ಎಳೆಯುತ್ತಾರೆ. ನೋಟು ಎಲ್ಲೂ ತಡೆಯದೆ ಬುಡದವರೆಗೆ ಜಾರುತ್ತದೆ. ಸಿಡಿದಾಗ ಬ್ಯಾರೆಲ್ ಕಂಪಿಸುತ್ತದೆ. ದಸ್ತು ಒಂದು ಕಡೆ ತಾಗಿದರೂ ಪ್ರತಿ ಈಡಿಗೂ ಕಂಪನ ಬೇರೆಯಾಗುತ್ತದೆ. ತೋಟಾ ಪೆಟ್ಟಿಗೆಗಳನ್ನು ತೆಗೆದು ಒಂದೊಂದರ ಲಾಟ್ (ತಯಾರಿಕೆಯ ಕಂತು) ನಂಬರನ್ನು ಪುಸ್ತಕದಲ್ಲಿ ಬರೆಯುತ್ತಾರೆ: ಫೆಡರಲ್ ಗೋಲ್ಡ್ ಮೆಡಲ್, 168 ಗ್ರೇನ್ ತೂಕದ ಗುಂಡು. ಪಕ್ಕದಲ್ಲಿ ಬೇಟೆಗೆಂದು ಮಾರುವ 150 ಗ್ರೇನಿನ ಅಗ್ಗದ ಪೆಟ್ಟಿಗೆಯೂ ಇದೆ.

ಫೈರಿಂಗ್ ಶುರುವೆಂಬ ಕೂಗು. ನೀವು ಕುಳಿತುಕೊಳ್ಳುತ್ತೀರಿ. ಮುಂದೆ ಕಬ್ಬಿಣದ ಮುಕ್ಕಾಲಿಯ ಮೇಲೆ ಮರಳು ಚೀಲ, ಹಿಂದೆ ದಸ್ತಿನ ಬಾಲಕ್ಕೆ ಎರಡು ಕಿವಿಯ ಇನ್ನೊಂದು ಚೀಲ. ಎಡಗೈ ಆ ಹಿಂದಿನ ಚೀಲವನ್ನು ಹಿಂಡಿದಂತೆ ದುರ್ಬೀನಿನ ಅಡ್ಡಗೆರೆ ಕೂದಲೆಳೆಯಷ್ಟು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಕೆನ್ನೆ ದಸ್ತಿಗೆ. ಅರ್ಧ ಉಸಿರು ಬಿಟ್ಟು ಉಳಿದದ್ದನ್ನು ತಡೆಯಿರಿ. ಟ್ರಿಗರಿನ ಮೇಲೆ ಬೆರಳ ಮೊದಲ ಗಿಣ್ಣಿನ ಮೆತ್ತೆ, ಅಷ್ಟೇ. ಒತ್ತಡ ಏರುತ್ತ ಹೋಗುತ್ತದೆ, ಏರುತ್ತ...

ಧಡ್! ಇಯರ್‌ಮಫ್ ಇದ್ದರೂ ಸದ್ದು ಎದೆಗೂಡಿಗೆ ತಾಗುತ್ತದೆ. ದಸ್ತು ಭುಜವನ್ನು ಗಟ್ಟಿಯಾಗಿ ನೂಕುತ್ತದೆ, ಒದೆಯುವುದಿಲ್ಲ. ಭಾರ ಅದನ್ನು ನುಂಗಿಕೊಂಡಿದೆ. ಗುಂಡು ಸೆಕೆಂಡಿಗೆ 2650 ಅಡಿ ವೇಗದಲ್ಲಿ ಹೊರಟಿದೆ. ಬ್ಯಾರೆಲ್ಲಿನೊಳಗಿನ ಸುರುಳಿ ಗೀರು 12 ಇಂಚಿಗೆ ಒಂದು ಸುತ್ತು. ಅಂದರೆ ಅದು ನಿಮಿಷಕ್ಕೆ ಒಂದು ಲಕ್ಷ ಐವತ್ತೊಂಬತ್ತು ಸಾವಿರ ಸುತ್ತಿನ ಲೆಕ್ಕದಲ್ಲಿ ಗಿರಗಿರನೆ ತಿರುಗುತ್ತಿದೆ. ನೂರು ಗಜ ದಾಟಲು ಸೆಕೆಂಡಿನ ಎಂಟರಲ್ಲೊಂದು ಪಾಲೂ ಬೇಡ.

"ಎಲ್ಲಿ ಹೋಯ್ತು ಹೇಳಿ. ನೋಡಬೇಡಿ, ಮೊದಲು ಹೇಳಿ," ಎನ್ನುತ್ತಾರೆ ಎಂಜಿನಿಯರು. ಗುಂಡು ಸಿಡಿದ ಗಳಿಗೆಯಲ್ಲಿ ಅಡ್ಡಗೆರೆ ಎಲ್ಲಿತ್ತೆಂದು ನೆನಪು ಮಾಡಿಕೊಂಡು ನೀವು ಹೇಳುತ್ತೀರಿ. ಅದು ಪುಸ್ತಕಕ್ಕೆ ಏರುತ್ತದೆ. ಆಮೇಲೆ ತೂತು ದೂರ ಬಿದ್ದದ್ದು ಕಂಡಾಗ "ಕೈ ಅಲ್ಲಾಡಿತು" ಎಂದು ಅದನ್ನು ಲೆಕ್ಕದಿಂದ ಬಿಡುವಂತಿಲ್ಲ.

ಇನ್ನೂ ಎರಡು ಈಡು. ಸ್ಪಾಟಿಂಗ್ ಸ್ಕೋಪಿನಲ್ಲಿ ಇಣುಕಿದರೆ ಮೂರು ತೂತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅರ್ಧ ಇಂಚಿನೊಳಗೆ! ಆದರೆ ಬಿದ್ದಿರುವುದು ಕರಿ ಚುಕ್ಕೆಯ ಎಡಕ್ಕೆ, ಕೆಳಗೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವಾಗ ಪ್ರಶ್ನೆ ಒಂದೇ: ಕಾಯಿ ಒಡೆಯಿತೋ ಇಲ್ಲವೋ. ಇಲ್ಲಿ ಗುರಿಯ ನಡುವಿಗೆ ತಾಗಬೇಕೆಂದೇ ಇಲ್ಲ. ದುರ್ಬೀನಿನ ತಿರುಪು ತಿರುಗಿಸಿದರೆ ಗುಂಪು ಇಡಿಯಾಗಿ ನಡುವಿಗೆ ಬರುತ್ತದೆ. ಗುಂಪಿನ ಅಗಲವನ್ನು ಮಾತ್ರ ಯಾವ ತಿರುಪೂ ಕಿರಿದಾಗಿಸದು. ಅಳೆಯಬೇಕಾದದ್ದು ಅದನ್ನೇ.

"ಇಲ್ಲಿಗೆ ನಿಲ್ಲಿಸಿದ್ರೆ ಊರಿಗೆಲ್ಲ ಫೋಟೋ ಕಳಿಸಬಹುದು," ಎಂದು ನಗುತ್ತಾರೆ. ನೂರು ಗಜದಲ್ಲಿ ಒಂದು ಇಂಚಿನೊಳಗೆ ಮೂರು ಈಡು ಎಂದು ಭರವಸೆ ಕೊಟ್ಟು ಮಾರುವ ಕಂಪನಿಗಳಿವೆ. ಒಂದು ಡಿಗ್ರಿಯ ಅರವತ್ತನೇ ಪಾಲು ಆ ದೂರದಲ್ಲಿ 1.047 ಇಂಚು, ಅದರೊಳಗೆ ಬಂದರೆ ಒಳ್ಳೆಯ ರೈಫಲ್ ಎಂಬ ಬಿರುದು. ಅಳತೆ ವಿಭಾಗದ ಮನುಷ್ಯನಿಗೆ ಮೂರು ಸಾಲದು. ಅದೇ ರೈಫಲ್, ಅದೇ ತೋಟಾ, ಅದೇ ಕೈ ಇದ್ದರೂ ಐದು ಈಡಿನ ಗುಂಪು ಮೂರರದ್ದಕ್ಕಿಂತ ಸರಾಸರಿ ಕಾಲು ಭಾಗ ಅಗಲ, ಹತ್ತರದ್ದು ಒಂದೂವರೆ ಪಟ್ಟಿಗೂ ಹೆಚ್ಚು. ಇದು ಬರೀ ಸಂಭವನೀಯತೆಯ ಗಣಿತ. ಹೆಚ್ಚು ಸಲ ಹೊಡೆದಷ್ಟೂ ಅಂಚಿನ ಈಡು ಬೀಳುವ ಅವಕಾಶ ಹೆಚ್ಚು. ಅಮೆರಿಕನ್ ರೈಫಲ್‌ಮನ್ ಪತ್ರಿಕೆ ರೈಫಲ್‌ಗಳನ್ನು ಪರೀಕ್ಷಿಸುವಾಗ ಐದು ಈಡಿನ ಐದು ಗುಂಪುಗಳನ್ನು ಒಂದರ ಹಿಂದೊಂದು ಹೊಡೆದು ಸರಾಸರಿ ಕೊಡುವುದು ಇದಕ್ಕೇ. ನೀವೂ ಅದೇ ನಿಯಮ ಹಿಡಿದಿದ್ದೀರಿ.

ನಾಲ್ಕನೆಯದು ಗುಂಪಿನಲ್ಲೇ. ಐದನೆಯದು ಬಲಕ್ಕೆ ಜಿಗಿದು ಅರ್ಧ ಇಂಚನ್ನು ಮುಕ್ಕಾಲು ದಾಟಿಸುತ್ತದೆ. ನೀವು ಹೇಳಿದ್ದು "ನಡುವೆ" ಎಂದು. ಕೈಯ ಮೇಲೆ ಹಾಕುವಂತಿಲ್ಲ. ಗಾಳಿಯ ಮೇಲೆ ಹಾಕೋಣವೆ? ಗಂಟೆಗೆ 10 ಮೈಲಿಯ ಅಡ್ಡಗಾಳಿ ಈ ಗುಂಡನ್ನು ನೂರು ಗಜದಲ್ಲಿ ಮುಕ್ಕಾಲು ಇಂಚಿನಷ್ಟು ತಳ್ಳಬಲ್ಲದು. ಆದರೆ ಗಾಳಿ ತಿಳಿಯಲೆಂದು ಕಡ್ಡಿಗೆ ಕಟ್ಟಿದ ಪ್ಲಾಸ್ಟಿಕ್ ರಿಬ್ಬನ್ ಜೋತುಬಿದ್ದಿದೆ. ಐದನೆಯದೂ ರೈಫಲ್ಲಿನದೇ.

ಬ್ಯಾರೆಲ್ ತಣಿಯುವವರೆಗೆ ಅವರು ಪಕ್ಕದ ಚೀಲದಿಂದ ಅದೇ .308ರ ತೆಳು ಬ್ಯಾರೆಲ್ಲಿನ ಬೇಟೆ ರೈಫಲ್ ತೆಗೆದು ಬೇರೆ ಹಾಳೆಗೆ ಹೊಡೆಯುತ್ತಾರೆ. ಮೊದಲ ಮೂರು ನಿಮ್ಮ ಮೂರಕ್ಕೆ ಸರಿಸಾಟಿ. ನಿಮ್ಮ ಮುಖ ನೋಡಿ ಅವರು ಮಾತಾಡುವುದಿಲ್ಲ, ಬಿಡದೆ ಹೊಡೆಯುತ್ತಾರೆ. ನಾಲ್ಕು ಮೇಲಕ್ಕೆ, ಐದು ಇನ್ನೂ ಮೇಲಕ್ಕೆ, ಆರು ಬೇರೆಯೇ ಊರಿಗೆ. ನಳಿಗೆ ತಯಾರಾಗುವಾಗ ಉಕ್ಕಿನೊಳಗೆ ಉಳಿದ ಬಿಗಿತ ಕಾವೇರಿದಂತೆ ಸಡಿಲಗೊಂಡು ಅದನ್ನು ಒಂದು ಕಡೆಗೆ ಬಾಗಿಸುತ್ತದೆ. ಬ್ಯಾರೆಲ್ಲಿನ ಮೇಲೆ ಬಿಸಿಗಾಳಿ ಕುಣಿದು ದುರ್ಬೀನಿನಲ್ಲಿ ಗುರಿಯೇ ನೀರಿನೊಳಗಿದ್ದಂತೆ ತೇಲುತ್ತದೆ. ಮೊದಲ ಈಡನ್ನು ಇನ್ನಷ್ಟು ನೇರ ಕಳಿಸುವ ಗುಣ ದಪ್ಪ ಬ್ಯಾರೆಲ್ಲಿಗೆ ಇಲ್ಲ. ಹತ್ತನೆಯ ಈಡನ್ನೂ ಮೊದಲನೆಯದರ ದಾರಿಯಲ್ಲೇ ಕಳಿಸುವುದು ಅದರ ಕಸುಬು.

ನಡುವೆ ಅಗ್ಗದ 150 ಗ್ರೇನಿನ ತೋಟಾಗಳಿಗೂ ಒಂದು ಪ್ರತ್ಯೇಕ ಹಾಳೆ. ಅದೇ ಬ್ಯಾರೆಲ್, ಆದರೆ ಗುಂಪು ದುಪ್ಪಟ್ಟು ಚದುರುತ್ತದೆ. ತೋಟಾದ ಹೆಸರಿಲ್ಲದೆ ರೈಫಲ್ಲಿನ ನಿಖರತೆ ಹೇಳುವುದು ಅರ್ಧ ಮಾತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಐದನೇ ಗುಂಪು ಮುಗಿಯುತ್ತದೆ. ಕೊನೆಯ ಸಲ ಗುರಿಯ ಬಳಿ ನಡೆಯುತ್ತೀರಿ. ಎಂಜಿನಿಯರು ಕ್ಯಾಲಿಪರ್ ಹಿಡಿದು ಪ್ರತಿ ಹಾಳೆಯಲ್ಲಿ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಗುಂಡಿನ ವ್ಯಾಸ 0.308 ಕಳೆಯುತ್ತಾರೆ. ಐದರ ಸರಾಸರಿ ಇಂಚಿಗೆ ತುಸು ಕಡಿಮೆ. ಕಂಪನಿಯ ಮಾತು ಉಳಿಯಿತು ಎಂದು ನೀವು ಹಿಗ್ಗುವಷ್ಟರಲ್ಲಿ ಹಿಂದಿನ ಬಿಳಿ ಹಾಳೆ ಬಿಚ್ಚಿ ಕೈಗಿಡುತ್ತಾರೆ. ಇಪ್ಪತ್ತೈದು ತೂತುಗಳು. ನಡುವೆ ಕಾಗದವೇ ಹರಿದು ಹೋಗಿದೆ, ಅಂಚಿನಲ್ಲಿ ಒಂಟಿ ತೂತುಗಳು; ಒಟ್ಟು ಅಗಲ ಒಂದೂಕಾಲು ಇಂಚು ದಾಟಿದೆ. ಬೆಳಗಿನ ಆ ಚೆಂದದ ಮೂರು ಎಲ್ಲಿದ್ದವೆಂದು ಹುಡುಕಿದರೂ ಸಿಗುವುದಿಲ್ಲ.

"ಮುನ್ನೂರು ಗಜಕ್ಕೆ ಇದರ ಮೂರು ಪಟ್ಟು, ಅಂದ್ರೆ ಸುಮಾರು ನಾಲ್ಕು ಇಂಚು. ಗಾಳಿ ಬೇರೆ," ಎಂದು ಅವರು ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆಯುವುದು ಇಪ್ಪತ್ತೈದರ ಅಂಕಿಯನ್ನೇ. ಅರ್ಧ ಇಂಚಿನದು ಎಲ್ಲೂ ಇಲ್ಲ. ಬೋಲ್ಟ್ ಕಳಚಿ, ರೈಫಲ್ ಚೀಲಕ್ಕಿಳಿಸಿ, ಖಾಲಿ ಹಿತ್ತಾಳೆ ತೋಟಾಗಳನ್ನು ಬಾಚಿಕೊಳ್ಳುತ್ತ ಕೈಗಡಿಯಾರ ನೋಡುತ್ತಾರೆ. ಊಟಕ್ಕೆ ಮುಂಚೆ ತೋಟಾ ಅಂಗಡಿಗೆ ಹೋಗಬೇಕಂತೆ. ಇದೇ ಲಾಟ್ ನಂಬರಿನ ಪೆಟ್ಟಿಗೆಗಳು ಎಷ್ಟು ಉಳಿದಿವೆಯೋ ಅಷ್ಟನ್ನೂ ಕೊಳ್ಳುವುದಕ್ಕೆ. ಲಾಟ್ ಬದಲಾದರೆ ಇಂದಿನ ಇಪ್ಪತ್ತೈದನ್ನೂ ಮತ್ತೆ ಮೊದಲಿನಿಂದ ಹೊಡೆಯಬೇಕಾಗುತ್ತದೆ.